ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆ

ಮಾದಪ್ಪನೆಂದೇ ಕರೆಯುವ ಮಲೆ ಮಹದೇಶ್ವರನ ಬೆಟ್ಟದಲ್ಲಿ ಶಿವರಾತ್ರಿ, ಯುಗಾದಿ, ಮಹಾಲಯ ಅಮಾವಾಸ್ಯೆ, ದೀಪಾವಳಿ ಎಂದು ವರ್ಷಕ್ಕೆ ನಾಲ್ಕು ದೊಡ್ಡ ಜಾತ್ರೆಗಳು. ನಡೆದು ಬರುವವರು ಹೆಚ್ಚು ಕಾಣುವುದು ಶಿವರಾತ್ರಿಗೆ. ಗುಂಡ್ಲುಪೇಟೆಯಿಂದ ಹೊರಟವರು ತೆರಕಣಾಂಬಿ, ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು, ಕೊಳ್ಳೇಗಾಲ, ಹನೂರು, ಕೌದಳ್ಳಿ ದಾಟಿ ಬೆಟ್ಟ ಮುಟ್ಟಲು ಸುಮಾರು 150 ಕಿ.ಮೀ. ಸವೆಸಬೇಕು. ಕನಕಪುರ, ರಾಮನಗರದ ಕಡೆಯವರದು ಬೇರೆ ದಾರಿ. ಅವರು ಸಂಗಮದ ಬಳಿ ಹಗ್ಗ ಹಿಡಿದು ಕಾವೇರಿ ದಾಟಿ ಕಾಡಿಗೆ ಬೀಳುತ್ತಾರೆ.

ಬೆಟ್ಟದ ಮೇಲಿನವರೆಗೂ ಬಸ್ಸುಗಳಿವೆ. ಆದರೂ ನಡೆಯುತ್ತಾರೆ, ಹರಕೆ ಹೊತ್ತಿರುವುದೇ ನಡೆಯುವುದಕ್ಕೆ. ಮಗುವಿಗೆ ವಾಸಿಯಾಗಲಿ, ಬೋರ್‌ವೆಲ್‌ನಲ್ಲಿ ನೀರು ಬೀಳಲಿ, ಮಗಳ ಮದುವೆ ಕೂಡಿಬರಲಿ ಎಂಬಂಥ ಹರಕೆಗಳು. ಸ್ಪೇನಿನ ಸಾಂತಿಯಾಗೊ ಯಾತ್ರೆಯಲ್ಲಿ ಕೊನೆಯ 100 ಕಿ.ಮೀ. ನಡೆದವರಿಗೆ ಚರ್ಚಿನ ಪ್ರಮಾಣಪತ್ರ ಸಿಗುತ್ತದೆ. ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಂಡ ಪುಸ್ತಿಕೆಯೇ ಅದಕ್ಕೆ ಸಾಕ್ಷಿ. ಮಾದಪ್ಪನ ಒಕ್ಕಲಿಗೆ ಅಂಥ ಕಾಗದವಿಲ್ಲ, ಕೇಳುವವರೂ ಇಲ್ಲ. ಸ್ಪೇನಿನಲ್ಲಿ ಒಬ್ಬಂಟಿಯಾಗಿ ನಡೆಯುವವರು ಬಹಳ. ಇಲ್ಲಿ ಊರಿಗೆ ಊರೇ ಗುಂಪು ಕಟ್ಟಿಕೊಂಡು ಹೊರಡುತ್ತದೆ. ಅಕ್ಕಿ, ಪಾತ್ರೆ, ಚಾಪೆ ಹೊತ್ತ ಗೂಡ್ಸ್ ಆಟೊ ಮುಂದೆ ಹೋಗಿ ಯಾವುದೋ ಹುಣಸೆಮರದಡಿ ಒಲೆ ಹೂಡಿರುತ್ತದೆ.

ಶಿವರಾತ್ರಿಯ ಹೊತ್ತಿಗೆ ಬಿಸಿಲು ಬಲಿತಿರುತ್ತದೆ. ಬರಿಗಾಲಿನವರಿಗೆ ಮಧ್ಯಾಹ್ನದ ಟಾರು ರಸ್ತೆ ಆಗದು; ಬೆಳಗಿನ ಜಾವ, ಸಂಜೆ ನಡಿಗೆ. ಎರಡನೆಯ ದಿನಕ್ಕೆ ಅಂಗಾಲಿನಲ್ಲಿ ಬೊಬ್ಬೆ ಏಳುತ್ತದೆ. ಸೂಜಿಯಿಂದ ಚುಚ್ಚಿ ನೀರು ತೆಗೆದು, ಎಣ್ಣೆ ಸವರಿ, ಬಟ್ಟೆ ಸುತ್ತಿ ಮತ್ತೆ ಎದ್ದು ನಿಲ್ಲುತ್ತಾರೆ. ಮೊದಲ ನೂರು ಹೆಜ್ಜೆ ಕುಂಟು, ಆಮೇಲೆ ಕಾಲು ತಾನೇ ಸರಿಹೋಗುತ್ತದೆ. ದಾರಿಯ ಊರುಗಳವರು ಶಾಮಿಯಾನ ಹಾಕಿ ಮಜ್ಜಿಗೆ, ಪಾನಕ, ಅನ್ನಸಾರು ಕೊಡುತ್ತಾರೆ. ಅದೂ ಒಂದು ಹರಕೆಯೇ.

ಮಾದಪ್ಪನ ಕಥೆ ಹಾಡುವ ಕಂಸಾಳೆಯವರ ಕಾವ್ಯದಲ್ಲಿ ಅವನೂ ನಡೆದೇ ಬಂದವನು. ಉತ್ತರದೇಶದಿಂದ ಹೊರಟು, ಸುತ್ತೂರು ಮಠ, ಕೊಳ್ಳೇಗಾಲ ಸೀಮೆಯ ಕುಂತೂರು ಮಠಗಳಲ್ಲಿದ್ದು, ಕೊನೆಗೆ ಎಪ್ಪತ್ತೇಳು ಮಲೆಗೆ ಒಡೆಯನಾಗುತ್ತಾನೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದ ಈ ಮಹಾಕಾವ್ಯ ಸಂಕಮ್ಮನ ಸಾಲು, ಸರಗೂರಯ್ಯನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು ಎಂದು ಸಾಲುಸಾಲಾಗಿ ಸಾಗುತ್ತದೆ. ಮಾದಪ್ಪ ತನ್ನ ಶತ್ರು ಶ್ರವಣದೊರೆಯನ್ನು ಕೊಲ್ಲಲು ಮೆಟ್ಟು ಹೊಲಿಯುವ ಹರಳಯ್ಯನಿಂದ ಅರಗಿನ ಪಾದರಕ್ಷೆ ಮಾಡಿಸಿದ ಪ್ರಸಂಗವೂ ಅದರಲ್ಲಿದೆ. ಚಪ್ಪಲಿ ಬಿಟ್ಟು ನಡೆಯುವವರ ದೇವರ ಕಥೆಯಲ್ಲಿ ಶತ್ರು ಮೆಟ್ಟಿನಿಂದಲೇ ಸಾಯುವುದು ಸ್ವಾರಸ್ಯ.

ನಡೆಯುವವರ ದಾರಿಯಲ್ಲಿ ಕೊಳ್ಳೇಗಾಲ ದಾಟಿದರೆ ಕಾಮಗೆರೆ. ಅಲ್ಲಿ ಕ್ಯಾಥೊಲಿಕ್ ಸಿಸ್ಟರ್‌ಗಳ ಹೋಲಿಕ್ರಾಸ್ ಆಸ್ಪತ್ರೆಯಿದೆ. ಇನ್ನೂ ಮುಂದೆ, ಹನೂರಿನಾಚೆಯ ಮಾರ್ಟಳ್ಳಿ, ಸಂದನಪಾಳ್ಯಗಳಲ್ಲಿ ತಮಿಳಾಡುವ ಕ್ಯಾಥೊಲಿಕರು ಹೆಚ್ಚು. ಅವರ ದೊಡ್ಡ ಯಾತ್ರೆ ಸೆಪ್ಟೆಂಬರ್ 8ರ ಹಬ್ಬಕ್ಕೆ ತಮಿಳುನಾಡಿನ ವೇಳಾಂಕಣ್ಣಿಗೆ. ಬೆಂಗಳೂರಿನಿಂದ ಅಲ್ಲಿಗೆ ನಡೆದೇ ಹೋಗುವವರೂ ಇದ್ದಾರೆ. ಈ ಕಡೆಗೆ ತಮಿಳು ಹೊಸದಲ್ಲ; 1956ರವರೆಗೆ ಕೊಳ್ಳೇಗಾಲ ಸೀಮೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಬೆಟ್ಟದ ಜಾತ್ರೆಯಲ್ಲಿ ಇಂದಿಗೂ ಕನ್ನಡದ ಜೊತೆಗೆ ತಮಿಳೂ ಕಿವಿಗೆ ಬೀಳುತ್ತದೆ.

ಬೆಟ್ಟದ ಬುಡದ ತಾಳಬೆಟ್ಟದಲ್ಲಿ ಕಾಯಿ ಒಡೆದು, ಕರ್ಪೂರ ಹಚ್ಚಿ, ‘ಉಘೇ ಮಾದಪ್ಪ’ ಎಂದು ಕೂಗಿ ಹತ್ತಲು ಶುರು. ಆನೆತಲೆದಿಂಬದ ಏರಿನಲ್ಲಿ ಎಂಥ ಮಾತುಗಾರನೂ ಸುಮ್ಮನಾಗುತ್ತಾನೆ. ಸುತ್ತಲಿನ ಕಾಡು 2013ರಿಂದ ವನ್ಯಜೀವಿಧಾಮ. ಹುಲಿಯನ್ನು ಮಾದಪ್ಪನ ವಾಹನವೆಂದು ಪೂಜಿಸುವ ಇದೇ ಕಾಡಿನ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದವು. ಯಾತ್ರೆ ಮುಗಿದ ಮೇಲೆ ದಾರಿಬದಿ ಉಳಿಯುವ ಪ್ಲಾಸ್ಟಿಕ್ ಬಾಟಲಿ, ತಟ್ಟೆಗಳೂ ಈ ಕಾಡಿಗೆ ಒಳ್ಳೆಯದಲ್ಲ.

ಮೇಲೆ ಅಂತರಗಂಗೆಯಲ್ಲಿ ಸ್ನಾನ, ಮುಡಿ, ಉರುಳುಸೇವೆ. ಪೂಜೆ ಬೇಡಗಂಪಣ ಸಮುದಾಯದವರದು. ಕಾಲಲ್ಲಿ ಇನ್ನೂ ಕಸುವಿರುವವರು ಇಂಡಿಗನತ್ತದ ಮೂಲಕ ನಾಗಮಲೆಗೂ ಹೋಗುತ್ತಾರೆ. ಹರಕೆಗೆ ಹೋಗುವ ದಾರಿಯಷ್ಟೇ ಲೆಕ್ಕ. ಊರಿಗೆ ಹಿಂತಿರುಗುವುದು ಬಸ್ಸಿನಲ್ಲಿ.