ನಿಮಗಿದು ಗೊತ್ತೆ? ಸಿಡಿಲಿಗೆ ಕೆಟ್ಟ ಎ.ಸಿ.: ರಿಪೇರಿಯೋ, ಹೊಸದೋ?

ಎ.ಸಿ. ಕೆಡಲು ಸಿಡಿಲು ಮನೆಗೇ ಬಡಿಯಬೇಕೆಂದಿಲ್ಲ. ದೂರದ ವಿದ್ಯುತ್ ತಂತಿಗೆ ಎರಗಿದರೂ ಕ್ಷಣಮಾತ್ರದಲ್ಲಿ ಭಾರೀ ವೋಲ್ಟೇಜ್ ಒಳನುಗ್ಗುತ್ತದೆ. ಸಾಮಾನ್ಯವಾಗಿ ಮೊದಲು ಬಲಿಯಾಗುವುದು ಸರ್ಕ್ಯೂಟ್ ಬೋರ್ಡ್ ಮತ್ತು ಕೆಪಾಸಿಟರ್. ಬೋರ್ಡಿನ ಮೇಲೆ ಕಪ್ಪು ಕಲೆ, ಸುಟ್ಟ ವಾಸನೆ, ತಲೆ ಉಬ್ಬಿದ ಕೆಪಾಸಿಟರ್ ಇದರ ಗುರುತು.

ಇಷ್ಟೇ ಆಗಿದ್ದರೆ ಬಿಡಿಭಾಗ ಬದಲಿಸಿದರೆ ಸಾಕು. ಕಂಪ್ರೆಸರ್‌ನ ಒಳಸುರುಳಿಯೇ ಸುಟ್ಟಿದ್ದರೆ ಖರ್ಚು ದೊಡ್ಡದು. ಹಳೆಯ ಯಂತ್ರವಾದರೆ ಹೊಸದನ್ನು ಕೊಳ್ಳುವುದೇ ಲೇಸು. ಅದು ಆರ್-22 ಅನಿಲದ್ದಾದರಂತೂ ಯೋಚಿಸಲೇಬೇಡಿ: ಓಝೋನ್ ಪದರಕ್ಕೆ ಹಾನಿ ಮಾಡುವ ಆ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದಡಿ ಹಂತಹಂತವಾಗಿ ಕೈಬಿಡಲಾಗುತ್ತಿದೆ.

ಸಾಮಾನ್ಯ ಸ್ಟೆಬಿಲೈಸರ್ ಸಿಡಿಲಿನ ಹೊಡೆತ ತಡೆಯದು. ಸರ್ಜ್ ಪ್ರೊಟೆಕ್ಟರ್ ಹಾಗೂ ಸರಿಯಾದ ಅರ್ಥಿಂಗ್ ಬೇಕು. ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ ಕಿತ್ತಿಡಿ.