ನಾಲಿಗೆ ತಪ್ಪಿತು, ಪದ ಹುಟ್ಟಿತು!

ಮಾತಿನ ಭರದಲ್ಲಿ ಏನೋ ಹೇಳಹೋಗಿ ಇನ್ನೇನೋ ಅಂದುಬಿಡುವುದು ನಮಗೆ ನಿಮಗೆಲ್ಲ ಇದ್ದದ್ದೇ. ಮನೆಯಲ್ಲಾದರೆ ಮಕ್ಕಳು ನಾಲ್ಕು ದಿನ ಆಡಿಕೊಂಡು ನಗುತ್ತಾರೆ, ಆಮೇಲೆ ಮರೆತೂ ಹೋಗುತ್ತದೆ. ಆದರೆ ಇಡೀ ದೇಶವೇ ಕಿವಿಗೊಟ್ಟು ಕೂತಿರುವಾಗ ಹಾಗಾದರೆ?

ಅಮೆರಿಕದ ಸಾರಾ ಪೇಲಿನ್ ಹೆಸರು ನೀವು ಕೇಳಿರಬಹುದು. ಅಲಾಸ್ಕಾ ರಾಜ್ಯದ ಗವರ್ನರ್ ಆಗಿದ್ದಾಕೆ. 2008ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೂ ಸ್ಪರ್ಧಿಸಿದ್ದರು. 2010ರ ಜುಲೈನಲ್ಲಿ ಈಕೆ ಟ್ವಿಟರಿನಲ್ಲಿ ‘ರೆಫ್ಯೂಡಿಯೇಟ್’ ಎಂದು ಬರೆದರು. ಇಂಗ್ಲಿಷಿನಲ್ಲಿ ‘ರೆಫ್ಯೂಟ್’ ಇದೆ, ‘ರೆಪ್ಯುಡಿಯೇಟ್’ ಇದೆ. ಒಂದು ಅಲ್ಲಗಳೆಯುವುದು, ಇನ್ನೊಂದು ತಿರಸ್ಕರಿಸುವುದು. ಎರಡೂ ಬೆರೆತು ಮೂರನೆಯದು ಹುಟ್ಟಿತು! ನಮ್ಮಲ್ಲಿ ಯಾರಾದರೂ ‘ನಿರಾಕರಿಸು’, ‘ತಿರಸ್ಕರಿಸು’ ಎರಡನ್ನೂ ಕಲೆಸಿ ‘ನಿರಸ್ಕರಿಸು’ ಅಂದ ಹಾಗೆ ಅನ್ನಿ. ಪತ್ರಿಕೆಯವರು ಬಿಡುತ್ತಾರೆಯೇ? ಚೆನ್ನಾಗಿಯೇ ನಕ್ಕರು. ಆಕೆ ಮಾತ್ರ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಷೇಕ್ಸ್‌ಪಿಯರನೂ ಹೊಸ ಪದ ಕಟ್ಟುತ್ತಿದ್ದನಲ್ಲ ಎಂದು ತಿರುಗಿಸಿ ಕೊಟ್ಟರು. (ಧೈರ್ಯವೆಂದರೆ ಅದು ಕಣ್ರೀ!) ತಮಾಷೆಯೆಂದರೆ, ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ನಿಘಂಟಿನವರು ಆ ವರ್ಷದ ಪದವೆಂದು ಆರಿಸಿದ್ದು ಇದನ್ನೇ.

ಇಲ್ಲಿ ಒಂದು ಮಾತು. ಇಂಗ್ಲಿಷ್ ಎಲ್ಲಿ ತಪ್ಪೀತೋ ಎಂದು ಶಾಲೆಯ ಪೋಷಕರ ಸಭೆಯಲ್ಲಿ ಬಾಯಿಬಿಡದೆ ಕೂತು, ಮಗುವಿನ ತೊಂದರೆಯನ್ನು ಹೇಳದೆಯೇ ಎದ್ದುಬರುವ ತಾಯಂದಿರು ಎಷ್ಟು ಮಂದಿಯಿಲ್ಲ! ದೊಡ್ಡವರ ತಪ್ಪು ನಿಘಂಟಿನವರೆಗೆ ಹೋಗಬಹುದು, ನಮ್ಮದು ಮಾತ್ರ ನಗೆಪಾಟಲು. ಇದು ಯಾವ ನ್ಯಾಯ?

ಗಂಡಸರೇನೂ ಹಿಂದೆ ಬಿದ್ದಿಲ್ಲ. 2000ದ ನವೆಂಬರಿನಲ್ಲಿ ಚುನಾವಣೆಯ ಹಿಂದಿನ ದಿನ ಜಾರ್ಜ್ ಬುಷ್, ಎದುರಾಳಿಗಳು ತಮ್ಮನ್ನು ‘ಮಿಸ್‌ಅಂಡರ್‌ಎಸ್ಟಿಮೇಟ್’ ಮಾಡಿದರು ಎಂದರು. ಅಂಡರ್‌ಎಸ್ಟಿಮೇಟ್ ಅಂದರೇ ಕಡಿಮೆ ಎಣಿಸುವುದು. ಅದನ್ನೂ ತಪ್ಪಾಗಿ ಮಾಡಿದರಂತೆ! 2017ರ ಮೇ ತಿಂಗಳಲ್ಲಿ ಡೊನಾಲ್ಡ್ ಟ್ರಂಪ್ ನಡುರಾತ್ರಿ ಬರೆದ ‘ಕೊವ್‌ಫೆಫೆ’ಗಂತೂ ತಲೆಯೂ ಇಲ್ಲ, ಬಾಲವೂ ಇಲ್ಲ.

ಇವರಿಗೆಲ್ಲ ಹಿರಿಯರು ವಾರನ್ ಹಾರ್ಡಿಂಗ್. 1920ರಲ್ಲಿ, ಮೊದಲ ಮಹಾಯುದ್ಧ ಮುಗಿದು ಜನ ಬೇಸತ್ತಿದ್ದಾಗ, ದೇಶಕ್ಕೆ ಈಗ ಬೇಕಾದ್ದು ‘ನಾರ್ಮಲ್ಸಿ’ ಎಂದು ಭಾಷಣ ಮಾಡಿದರು. ‘ನಾರ್ಮ್ಯಾಲಿಟಿ’ ಎನ್ನಬೇಕಿತ್ತು ಎಂದು ಪಂಡಿತರು ಮೂಗು ಮುರಿದರು. ದೇಶದುದ್ದಕ್ಕೂ ಹೆಂಗಸರಿಗೆ ಮತದ ಹಕ್ಕು ಸಿಕ್ಕ ಮೇಲಿನ ಮೊದಲ ಅಧ್ಯಕ್ಷ ಚುನಾವಣೆ ಅದು. ಹಾರ್ಡಿಂಗ್ ಭಾರಿ ಬಹುಮತದಿಂದ ಗೆದ್ದರು. ಗಲಾಟೆ ತಣ್ಣಗಾದರೆ ನಮ್ಮ ಇಂಗ್ಲಿಷ್ ಪತ್ರಿಕೆಗಳೂ ಇಂದು ‘ನಾರ್ಮಲ್ಸಿ’ ಮರಳಿತು ಎಂದೇ ಬರೆಯುತ್ತವೆ. ಅಂದ ಹಾಗೆ, ಅದು ಅವರು ಹುಟ್ಟಿಸಿದ ಪದವೇ ಅಲ್ಲ. 19ನೆಯ ಶತಮಾನದ ಗಣಿತದ ನಿಘಂಟಿನಲ್ಲೇ ಇತ್ತು. ನಕ್ಕವರು ತೆಗೆದು ನೋಡಿರಲಿಲ್ಲ, ಅಷ್ಟೆ.