ಐವತ್ತು ಪೈಸೆ ಎಲ್ಲಿ ಹೋಯ್ತು?

ರಾತ್ರಿ ಹತ್ತೂವರೆ. ಬೆಂಗಳೂರಿನ ರೂಮಿನಲ್ಲಿ ಊಟ ಮುಗಿಸಿ ಮೊಬೈಲ್ ಹಿಡಿದಿದ್ದೆ. ಶಿರಾ ಹತ್ತಿರದ ನಮ್ಮೂರಿಂದ ಚಿಕ್ಕಪ್ಪನ ಮಗಳ ಫೋನ್ ಬಂತು. ಬಿಸಿಎ ಮೊದಲ ವರ್ಷ ಓದ್ತಿದ್ದಾಳೆ.

"ಅಣ್ಣಾ, 625ಕ್ಕೆ 512 ಬಂದ್ರೆ ಪರ್ಸೆಂಟೇಜ್ ಎಷ್ಟು?"

"81.92."

"ನನ್ ಪ್ರೋಗ್ರಾಮ್‌ನಾಗೆ ಸೊನ್ನೆ ಬತ್ತೈತೆ. ನಾಕು ಸಲ ಅಳಿಸಿ ಬರ್ದೆ. ಮತ್ತೂ ಸೊನ್ನೇನೇ."

512 ಅವಳದೇ ಎಸ್ಸೆಸ್ಸೆಲ್ಸಿ ಅಂಕ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮೆಲ್ಲಗೆ ಅಂದಳು: "ಕನ್ನಡ ಮೀಡಿಯಂನಾಗೆ ಓದಿದೋರಿಗೆ ಇದು ಆಗಲ್ಲ ಅಂತ ಕಾಣುತ್ತೆ. ಬಿಟ್ಬಿಡ್ಲಾ?"

ಆ ಕೊನೆಯ ಮಾತಿಗಾಗಿಯೇ ಈ ಲೇಖನ ಬರೀತಿದ್ದೀನಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವು. ಶಾಲೆಯ ಲೆಕ್ಕದಲ್ಲಿ ಮಾತ್ರ ನಾಲ್ಕೂ ಸೇರಿ ಬೇರೆಯದೇ ಆದ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅಲ್ಲಿನ ಸರ್ಕಾರಿ ಶಾಲೆಗಳಿಂದ ಬಂದು ಈಗ ಕೋಡ್ ಬರೆಯುತ್ತಾ ಹೊಟ್ಟೆ ಹೊರೆಯುವ ನನ್ನಂಥವರು ಬಹಳ ಜನ ಇದ್ದೀವಿ. ನಾವೆಲ್ಲರೂ ಮೊದಲ ವರ್ಷ ಈ ಸೊನ್ನೆಯ ಮುಂದೆ ಕೂತು ತಲೆ ಕೆರೆದುಕೊಂಡವರೇ.

ಸೊನ್ನೆ ಯಾಕೆ ಬಂತು?

ಮೂರನೇ ಕ್ಲಾಸಿನಲ್ಲಿ ಭಾಗಾಕಾರ ಕಲಿತಿದ್ದು ನೆನಪಿದೆಯಾ? ದಶಮಾಂಶ ಇನ್ನೂ ಗೊತ್ತಿಲ್ಲದ ಕಾಲ. ಏಳನ್ನು ಎರಡರಿಂದ ಭಾಗಿಸಿದರೆ ಭಾಗಲಬ್ಧ ಮೂರು, ಶೇಷ ಒಂದು. ಅಷ್ಟಕ್ಕೇ ಲೆಕ್ಕ ಮುಗೀತಿತ್ತು.

ಸಿ, ಸಿ++, ಜಾವಾ ಭಾಷೆಗಳು ಎರಡು ಪೂರ್ಣಾಂಕಗಳನ್ನು ಭಾಗಿಸುವಾಗ ಇವತ್ತಿಗೂ ಆ ಮೂರನೇ ಕ್ಲಾಸಿನಲ್ಲೇ ಇವೆ. 512ರಲ್ಲಿ 625 ಎಷ್ಟು ಸಲ ಹೋಗುತ್ತೆ? ಒಂದು ಸಲವೂ ಇಲ್ಲ. ಭಾಗಲಬ್ಧ ಸೊನ್ನೆ. ಅದನ್ನು ನೂರರಿಂದ ಗುಣಿಸಿದರೂ ಸೊನ್ನೆಯೇ.

"ಉತ್ತರ ಇಡೋದನ್ನ ಫ್ಲೋಟ್ ಮಾಡಿದ್ದೀನಲ್ಲಣ್ಣ" ಅಂದಳು. ಎಲ್ಲರೂ ಕೇಳುವ ಪ್ರಶ್ನೆ ಇದು. ಭಾಗಾಕಾರ ಮುಗಿದ ಮೇಲೆ ತಾನೇ ಉತ್ತರ ಆ ಡಬ್ಬಿಗೆ ಬೀಳೋದು? ಅಷ್ಟೊತ್ತಿಗೆ ದಶಮಾಂಶ ಉದುರಿಹೋಗಿರುತ್ತೆ. ಡಬ್ಬಿ ದೊಡ್ಡದಾದ ಮಾತ್ರಕ್ಕೆ ಚೆಲ್ಲಿದ ಹಾಲು ವಾಪಸ್ ಬರಲ್ಲ.

ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ 81 ಬರುತ್ತೆ. ಪೂರ್ತಿ 81.92 ಬೇಕಾದರೆ ಮೊದಲು ಗುಣಿಸುವ 100ನ್ನು 100.0 ಅಂತ ಬರೀಬೇಕು. ಒಂದು ಕಡೆ ದಶಮಾಂಶ ಕಂಡರೆ ಭಾಷೆ ಇನ್ನೊಂದನ್ನೂ ದಶಮಾಂಶ ಅಂತಲೇ ಎಣಿಸುತ್ತೆ. ಈಗಿನ ಪೈಥಾನ್‌ನಲ್ಲಿ ಈ ಕಾಟ ಇಲ್ಲ: ಒಂದು ಓರೆಗೆರೆ ( / ) ಹಾಕಿದರೆ ದಶಮಾಂಶ ಸಮೇತ ಉತ್ತರ, ಎರಡು ಓರೆಗೆರೆ ( // ) ಹಾಕಿದರೆ ಭಾಗಲಬ್ಧ ಮಾತ್ರ. ಶೇಷ ಬೇಕಾದರೆ ಶೇಕಡಾ ಚಿಹ್ನೆ ( % ). ಭಾಗಲಬ್ಧ, ಶೇಷ ಅಂತ ಕನ್ನಡದಲ್ಲೇ ಕಲಿತವಳಿಗೆ ಇದು ಹೊಸ ಪಾಠವೇ ಅಲ್ಲ. ಹಳೇ ಪಾಠ ಹೊಸ ವೇಷದಲ್ಲಿ ಬಂದಿದೆ, ಅಷ್ಟೇ.

ಐದಕ್ಕೆ ಆರು ಕೂಡಿದರೆ 56?

ಎರಡು ದಿನ ಬಿಟ್ಟು ಮತ್ತೆ ಫೋನ್. ಈ ಸಲ ಪೈಥಾನ್. ಬೆಳಗ್ಗೆ ಹಾಕಿದ ಹಾಲು 5 ಲೀಟರ್, ಸಂಜೆಯದು 6. ಕೂಡಿಸಿದರೆ 56 ತೋರಿಸ್ತಿದೆಯಂತೆ.

ಕೀಬೋರ್ಡಿನಿಂದ 'ಇನ್‌ಪುಟ್' ಮೂಲಕ ಬರುವುದೆಲ್ಲ ಪೈಥಾನ್‌ಗೆ ಅಕ್ಷರವೇ. ಐದು ಅನ್ನುವ ಅಕ್ಷರದ ಪಕ್ಕ ಆರು ಅನ್ನುವ ಅಕ್ಷರ ಅಂಟಿಸಿದರೆ 56 ಆಗುತ್ತೆ. ಅದನ್ನು ಸಂಖ್ಯೆ ಮಾಡೋಕೆ 'ಇಂಟ್' ಒಳಗೆ ಹಾಕಬೇಕು. ಆದರೆ "12.5" ಅನ್ನುವ ಬರಹವನ್ನು ಇಂಟ್‌ಗೆ ಕೊಟ್ಟರೆ ಅದು ತಪ್ಪು ಅಂತ ನಿಲ್ಲಿಸಿಬಿಡುತ್ತೆ. 33.9 ಅನ್ನುವ ಸಂಖ್ಯೆಯನ್ನೇ ಕೊಟ್ಟರೆ ಮಾತಿಲ್ಲದೆ 33 ಮಾಡಿ ವಾಪಸ್ ಕೊಡುತ್ತೆ. 34 ಮಾಡಲ್ಲ, ಕತ್ತರಿಸುತ್ತೆ. ಈ 'ಮಾತಿಲ್ಲದೆ' ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಒಂದು ಖುಷಿಯ ವಿಷಯ. ಪೈಥಾನ್‌ನ ಇಂಟ್‌ಗೆ "೫೬" ಅಂತ ಕನ್ನಡ ಅಂಕಿಯಲ್ಲಿ ಬರೆದು ಕೊಟ್ಟರೂ ಅದು 56 ಅಂತ ಓದುತ್ತೆ. ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳಿಗೂ ಅವುಗಳ ಬೆಲೆ ನಮೂದಾಗಿದೆ. ಇದನ್ನು ಹೇಳಿದಾಗ ಅವಳು ಫೋನ್ ಇಡದೆ ಅಲ್ಲೇ ಪರೀಕ್ಷೆ ಮಾಡಿ ನಕ್ಕಳು.

ಮುಂದಿನ ಸೊನ್ನೆಯನ್ನು ಯಾರು ನುಂಗಿದರು?

ಮಧುಗಿರಿಯ ಎಸ್‌ಟಿಡಿ ಕೋಡ್ 08137. ಇಂಟ್ ಆಗಿ ಇಟ್ಟರೆ 8137 ಆಗುತ್ತೆ, ಮುಂದಿನ ಸೊನ್ನೆ ಮಾಯ. ಸಿ ಪ್ರೋಗ್ರಾಮಿನಲ್ಲಿ ನೇರವಾಗಿ 08137 ಅಂತ ಬರೆದರೆ ಇನ್ನೂ ಫಜೀತಿ. ಸೊನ್ನೆಯಿಂದ ಶುರುವಾದ ಸಂಖ್ಯೆಯನ್ನು ಅದು ಎಂಟರ ಬುಡದ ಎಣಿಕೆ ಅಂದುಕೊಳ್ಳುತ್ತೆ. ಆ ಎಣಿಕೆಯಲ್ಲಿ 0ಯಿಂದ 7ರವರೆಗೆ ಮಾತ್ರ ಅಂಕಿಗಳು. 8 ಕಂಡ ಕೂಡಲೇ ದೋಷ ಅನ್ನುತ್ತೆ.

ಹಾಗಾಗಿ ಒಂದು ಸರಳ ನಿಯಮ: ಕೂಡಿ ಕಳೆದು ಮಾಡದೇ ಇರುವುದನ್ನು ಇಂಟ್ ಮಾಡಬೇಡಿ. ಫೋನ್ ನಂಬರ್, ಪಿನ್ ಕೋಡ್, ಬ್ಯಾಂಕ್ ಖಾತೆ ಸಂಖ್ಯೆ ಇವೆಲ್ಲ ನೋಡೋಕೆ ಸಂಖ್ಯೆ, ನಿಜದಲ್ಲಿ ಹೆಸರು. ಹೆಸರನ್ನು ಬರಹವಾಗಿಯೇ ಇಡಿ.

ಭಾನುವಾರದ ಹಿಂದಿನ ದಿನ

ಭಾನುವಾರ 0, ಸೋಮವಾರ 1, ಹೀಗೆ ಶನಿವಾರ 6. ಇವತ್ತು ಭಾನುವಾರ ಆದರೆ ನಿನ್ನೆ ಯಾವ ವಾರ? ಸೊನ್ನೆಯಲ್ಲಿ ಒಂದು ಕಳೆದರೆ ಮೈನಸ್ ಒಂದು. ಅದನ್ನು ಏಳರಿಂದ ಭಾಗಿಸಿ ಶೇಷ ಕೇಳಿದರೆ ಪೈಥಾನ್ 6 ಅನ್ನುತ್ತೆ, ಅಂದರೆ ಶನಿವಾರ. ಸಿ, ಜಾವಾ ಎರಡೂ ಮೈನಸ್ ಒಂದು ಅನ್ನುತ್ತವೆ. ಅಂಥ ವಾರವೇ ಇಲ್ಲ!

ಕಾರಣ ಇದು. ಮೈನಸ್ ಏಳನ್ನು ಎರಡರಿಂದ ಭಾಗಿಸಿದಾಗ ಸಿ, ಜಾವಾ ಸೊನ್ನೆಯ ಕಡೆಗೆ ಸರಿದು ಮೈನಸ್ 3 ಕೊಡುತ್ತವೆ. ಪೈಥಾನ್‌ನ ಎರಡು ಓರೆಗೆರೆ ಕೆಳಗಿನ ಮೆಟ್ಟಿಲಿಗೆ ಇಳಿದು ಮೈನಸ್ 4 ಕೊಡುತ್ತೆ. ಭಾಗಲಬ್ಧ ಬೇರೆ ಆದಮೇಲೆ ಶೇಷವೂ ಬೇರೆ ಆಗಲೇಬೇಕಲ್ಲ. ಜಾವಾದಲ್ಲಿ ಬರೆಯುವಾಗ ಬಂದ ಶೇಷಕ್ಕೆ ಏಳು ಕೂಡಿಸಿ, ಮತ್ತೊಮ್ಮೆ ಏಳರ ಶೇಷ ತೆಗೆಯಿರಿ. ಶನಿವಾರ ಸಿಗುತ್ತೆ.

ಪಾವಗಡದ ವ್ಯಾಟ್‌ಗಳು

ಈಗ ದೊಡ್ಡ ಸಂಖ್ಯೆಗೆ ಬರೋಣ. ಸಾಮಾನ್ಯವಾಗಿ ಇಂಟ್‌ಗೆ 32 ಬಿಟ್ ಜಾಗ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 214,74,83,647. ಸುಮಾರು 214 ಕೋಟಿ. "ಅಷ್ಟು ದೊಡ್ಡ ಸಂಖ್ಯೆ ನಮಗ್ಯಾಕೆ ಬೇಕು?" ಅಂತ ಅವಳ ಪ್ರಶ್ನೆ.

ತಿರುಮಣಿ ಸುತ್ತಮುತ್ತ ಸುಮಾರು 13 ಸಾವಿರ ಎಕರೆಯಲ್ಲಿ ಹಬ್ಬಿರುವ ಪಾವಗಡದ ಸೋಲಾರ್ ಪಾರ್ಕ್ ನೋಡಿದ್ದೀರಲ್ಲ? ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ವ್ಯಾಟ್ ಲೆಕ್ಕದಲ್ಲಿ ಬರೆದರೆ 205 ಕೋಟಿ. ಇಂಟ್‌ನಲ್ಲಿ ಬಿಗಿಯಾಗಿ ಹಿಡಿಸುತ್ತೆ. ಅದಕ್ಕೆ ಇನ್ನೂ ನೂರು ಮೆಗಾವ್ಯಾಟ್ ಸೇರಿಸಿ ನೋಡಿ: 215 ಕೋಟಿ. ಜಾವಾದಲ್ಲಿ ಉತ್ತರ ಮೈನಸ್ 214,49,67,296! ಕಾರಿನ ಕಿಲೋಮೀಟರ್ ಮೀಟರು ಪೂರ್ತಿ ತಿರುಗಿ ಮೊದಲಿಗೆ ಬಂದ ಹಾಗೆ, ಸಂಖ್ಯೆ ತುದಿ ಮುಟ್ಟಿ ಋಣ ಸಂಖ್ಯೆಗೆ ಬಿದ್ದಿದೆ. ಸಿಯಲ್ಲಂತೂ ಹೀಗಾದಾಗ ಏನು ಬರಬೇಕು ಅನ್ನುವ ನಿಯಮವೇ ಇಲ್ಲ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2014ರಲ್ಲಿ 'ಗಂಗ್ನಮ್ ಸ್ಟೈಲ್' ಹಾಡಿನ ವೀಕ್ಷಣೆ ಈ 214 ಕೋಟಿಯ ಗಡಿ ದಾಟಿದಾಗ ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗೆ ಬದಲಿಸಿತ್ತು. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಹಾರಿದ ಒಂದು ನಿಮಿಷದೊಳಗೆ ನಾಶವಾಯಿತು. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕದೊಳಗೆ ತುರುಕಲು ಹೋಗಿದ್ದೇ ಅದಕ್ಕೆ ಮೂಲ. 1970ರಿಂದ ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುತ್ತಿರುವ ಹಳೆಯ ಯಂತ್ರಗಳು 2038ರ ಜನವರಿ 19ರ ಬೆಳಗ್ಗೆ, ನಮ್ಮ ಸಮಯ 8 ಗಂಟೆ 44 ನಿಮಿಷಕ್ಕೆ ಇದೇ ಗಡಿ ಮುಟ್ಟುತ್ತವೆ.

ಪರಿಹಾರ? ಜಾವಾದಲ್ಲಿ 'ಲಾಂಗ್', ಸಿಯಲ್ಲಿ 'ಲಾಂಗ್ ಲಾಂಗ್' ಬಳಸಿ. 64 ಬಿಟ್‌ನಲ್ಲಿ 19 ಅಂಕಿಯ ಸಂಖ್ಯೆ ಹಿಡಿಸುತ್ತೆ. ಮಧುಗಿರಿ ಗಾಡಿಗಳ ಮೇಲಿರುವ ಕೆಎ 64 ನೋಡಿದಾಗಲೆಲ್ಲ ಇದನ್ನು ನೆನೆಸ್ಕೋ ಅಂತ ಅವಳಿಗೆ ಹೇಳಿದ್ದೀನಿ. ಪೈಥಾನ್ ಮಾತ್ರ ಪೂರ್ಣಾಂಕ ಬೆಳೆದಂತೆ ಜಾಗವನ್ನೂ ಬೆಳೆಸಿಕೊಳ್ಳುತ್ತೆ.

ಚಿಕ್ಕಪ್ಪನ ನೋಟ್‌ಬುಕ್ಕು

ನಮ್ಮ ಚಿಕ್ಕಪ್ಪ ಒಂದು ಖಾಸಗಿ ಕೇಂದ್ರಕ್ಕೆ ಹಾಲು ಹಾಕ್ತಾರೆ. ಎರಡು ಹೊತ್ತೂ ಚೀಟಿ ಬರುತ್ತೆ. ಚೀಟಿ ನಂಬದೆ ಅವರು ತಮ್ಮದೇ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಬರೀತಾರೆ. ತಿಂಗಳ ಕೊನೆಗೆ ಪ್ರತಿ ಸಲವೂ ಇಪ್ಪತ್ತೈದು ಮೂವತ್ತು ರೂಪಾಯಿ ಕಮ್ಮಿ. ಕೇಳಿದರೆ "ಕಂಪ್ಯೂಟರ್ ಲೆಕ್ಕ ತಪ್ಪಾಗಲ್ಲ ಯಜಮಾನ್ರೇ" ಅನ್ನುವ ಉತ್ತರ.

ಒಂದು ದಿನ ಮಗಳು ಚೀಟಿ ಕೈಗೆ ತಗೊಂಡು ನೋಡಿದಳು. 7 ಲೀಟರ್, ಆವತ್ತಿನ ಫ್ಯಾಟಿಗೆ ಬಿದ್ದ ದರ 33.50. ಗುಣಿಸಿದರೆ 234.50 ಬರಬೇಕು. ಚೀಟಿಯಲ್ಲಿ 234. ಹಳೇ ಚೀಟಿಗಳನ್ನೆಲ್ಲ ಹರವಿದಳು. ಎಲ್ಲಿಯೂ ಪೈಸೆ ಇಲ್ಲ. 217.75 ಇರಬೇಕಾದ ಕಡೆ 217.

ಫೋನ್ ಮಾಡಿ ಅಂದಳು: "ಅಣ್ಣಾ, ಮೊತ್ತನ ಯಾರೋ ಇಂಟ್‌ನಾಗೆ ಇಟ್ಟವ್ರೆ. ಅದು ರೌಂಡ್ ಮಾಡ್ತಿಲ್ಲ, ಕತ್ತರಿಸ್ತೈತೆ."

ಈ ಸಲ ನಾನು ಹೇಳಿಕೊಡೋಕೆ ಏನೂ ಉಳಿದಿರಲಿಲ್ಲ. ಐವತ್ತು ಪೈಸೆ ದಿನಕ್ಕೆ ಎರಡು ಸಲ ಹೋದರೆ ತಿಂಗಳಿಗೆ ಮೂವತ್ತು ರೂಪಾಯಿ. ನೂರು ಮನೆಯವರು ಹಾಲು ಹಾಕಿದರೆ ಮೂರು ಸಾವಿರ. ಯಾರೂ ಬೇಕಂತ ಕದ್ದದ್ದಲ್ಲ. ಆದರೂ ಹೋದದ್ದು ರೈತರ ದುಡ್ಡು.

ದುಡ್ಡಿನ ಲೆಕ್ಕಕ್ಕೆ ದಶಮಾಂಶವೂ ಪೂರ್ತಿ ನಂಬಿಕಸ್ತ ಅಲ್ಲ. 0.1ಕ್ಕೆ 0.2 ಕೂಡಿಸಿದರೆ ಪೈಥಾನ್ 0.30000000000000004 ಅನ್ನುತ್ತೆ. ಅದಕ್ಕೇ ಅನುಭವಸ್ಥರು ದುಡ್ಡನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡ್ತಾರೆ. 33.50 ಅನ್ನೋದು 3350 ಪೈಸೆ. ಏಳರಿಂದ ಗುಣಿಸಿದರೆ 23450. ನೂರರಿಂದ ಭಾಗಿಸಿದರೆ ಭಾಗಲಬ್ಧ 234 ರೂಪಾಯಿ, ಶೇಷ 50 ಪೈಸೆ. ಮೂರನೇ ಕ್ಲಾಸಿನ ಲೆಕ್ಕವೇ ಇದು. ಆರೂವರೆ ಲೀಟರ್ ಇದ್ದರೆ ಅದನ್ನೂ 6500 ಮಿಲಿಲೀಟರ್ ಅಂತ ಹಿಡಿದು, ಗುಣಿಸಿ, ಕೊನೆಗೆ ಸಾವಿರದಿಂದ ಭಾಗಿಸಿದರಾಯ್ತು.

ಅವಳು ಇದನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಹತ್ತು ಚೀಟಿ ಪಿನ್ ಮಾಡಿ, ಅಪ್ಪನ ಜೊತೆ ಕೇಂದ್ರಕ್ಕೆ ಹೋದಳು. ಪ್ರೋಗ್ರಾಮ್ ಮಾಡಿಕೊಟ್ಟ ಹುಡುಗನಿಗೆ ಅಲ್ಲಿಂದಲೇ ಫೋನ್ ಹೋಯ್ತು. ವಾರದೊಳಗೆ ಚೀಟಿಯಲ್ಲಿ ಪೈಸೆ ಬಂತು. ಹಿಂದಿನ ಬಾಕಿ ಇನ್ನೂ ಬಂದಿಲ್ಲ. ಚಿಕ್ಕಪ್ಪ ನೋಟ್‌ಬುಕ್ಕನ್ನೂ ಬಿಟ್ಟಿಲ್ಲ.

ಕೋರ್ಸ್ ಬಿಡುವ ಮಾತು ಆಮೇಲೆ ಬಂದಿಲ್ಲ. ಮೊನ್ನೆ ಫೋನ್ ಮಾಡಿದಾಗ ಕೇಳಿದ್ದು ಇದು: "ಅಣ್ಣಾ, ಪೈಥಾನ್‌ನಾಗೆ 2.5ನ ರೌಂಡ್ ಮಾಡಿದ್ರೆ ಯಾಕೆ 2 ಬತ್ತೈತೆ, 3 ಯಾಕಿಲ್ಲ?"

ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತೆ. ಸದಾ ಮೇಲಕ್ಕೇ ಹೋದರೆ ಒಟ್ಟು ಮೊತ್ತ ಒಂದೇ ಕಡೆ ವಾಲುತ್ತೆ ಅಂತ ಈ ಏರ್ಪಾಡು. ಹೇಳಿದೆ. "ಅಂದ್ರೆ ಯಾರಿಗೂ ಮೋಸ ಆಗ್ಬಾರ್ದು ಅಂತ" ಅಂದು ಫೋನ್ ಇಟ್ಟಳು.